ಸೀದಿಕೋಯ ಮಾಲ್ಮಿ ಕಂಡದ್ದು, ಕಾಣದ್ದು

ಆಕಾಶದಲ್ಲಿ ತಮ್ಮ ಅಪ್ಪಣೆಯಿಲ್ಲದೆ ಏನೂ ಹುಟ್ಟುವುದಿಲ್ಲವೆಂದು ಸೀದಿಕೋಯ ನಂಬಿದ್ದರು ಎಂದರೆ ತಪ್ಪಾದೀತು. ಆದರೆ ಸಂಜೆಯ ನಮಾಜು ಮುಗಿಸಿ, ಕೈ ಹಿಂದೆ ಕಟ್ಟಿಕೊಂಡು ದ್ವೀಪದ ಪಡುದಂಡೆಯಲ್ಲಿ ತಲೆಯೆತ್ತಿ ನಡೆಯುವಾಗ, ಅವರು ನಕ್ಷತ್ರಗಳ ಹಾಜರಿ ತೆಗೆಯುವ ಮೇಷ್ಟರ ಹಾಗೆ ಕಾಣುತ್ತಿದ್ದದ್ದಂತೂ ನಿಜ.

ಅವರು ಮಾಲ್ಮಿ. ನಕ್ಷತ್ರ ನೋಡಿ ಹಾಯಿಹಡಗು ನಡೆಸುವವರು. ಇಪ್ಪತ್ತೆರಡು ವರ್ಷ ಓಡವೆಂಬ ಹಾಯಿಹಡಗಿನ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ಕೂತು ತೆಂಗಿನ ಹುರಿ, ಬೆಲ್ಲ, ಒಣಮೀನು ಹೇರಿಕೊಂಡು ಮಂಗಳೂರಿಗೆ ಹೋಗಿ, ಅಕ್ಕಿ ಹೇರಿಕೊಂಡು ಬಂದವರು. ದಾರಿ ತೋರಿಸಲು ಇದ್ದದ್ದು ಅಂಗೈಯಗಲದ ಒಂದು ಹಲಗೆ, ಅದರ ನಡುವಿನಿಂದ ಇಳಿಬಿದ್ದ ಗಂಟುಗಂಟಿನ ದಾರ. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಅಂಚನ್ನು ನೀರಿನ ಗೆರೆಗೆ ಕೂರಿಸಿದರೆ ಧ್ರುವನಕ್ಷತ್ರ ಮೇಲಂಚಿನಲ್ಲಿ ಕೂರಬೇಕು. ಕೂತರೆ ಆ ಗಂಟಿನ ಊರಿನ ನೇರಕ್ಕೆ ಬಂದಂತೆ. ಕಣ್ಣೂರಿಗೊಂದು ಗಂಟು, ಮಂಗಳೂರಿಗೊಂದು, ಮನೆಗೊಂದು. ಆಮೇಲೆ ಮೋಟಾರು ಬಂತು, ಹಡಗು ಬಂತು, ದಾರಿ ಹೇಳುವ ಪೆಟ್ಟಿಗೆ ಬಂತು. ಕೊನೆಯ ಓಡವನ್ನು ಬಿಚ್ಚಿ, ಅದರ ಹಲಗೆಗಳಿಂದ ಸೀದಿಕೋಯರ ಅಕ್ಕ ಅಡುಗೆಮನೆಗೆ ಅಟ್ಟ ಹಾಕಿಸಿದಳು. ಸಾಗರ ಸೀಳಿದ ಮರದ ಮೇಲೆ ಈಗ ಉಪ್ಪಿನಕಾಯಿ ಜಾಡಿಗಳು.

ಮಾಲ್ಮಿಗೆ ಉಳಿದದ್ದು ವರ್ಷಕ್ಕೊಂದು ಕೆಲಸ. ರಂಜಾನಿನ ಇಪ್ಪತ್ತೊಂಬತ್ತನೆಯ ಸಂಜೆ ಇಡೀ ದ್ವೀಪ ಪಡುದಂಡೆಯಲ್ಲಿ ನೆರೆಯುತ್ತಿತ್ತು. ಎಲ್ಲರೂ ನೋಡುತ್ತಿದ್ದದ್ದು ಆಕಾಶವನ್ನಲ್ಲ, ಸೀದಿಕೋಯರ ಬಲಗೈಯನ್ನು. ಆ ಕೈ ಎದ್ದು, ಬೆರಳು ಚಾಚಿ, ಬಾಯಿ "ಅಕೋ!" ಎಂದರೆ ಆ ಬೆರಳ ತುದಿಯಲ್ಲಿ ಉಗುರಿನಷ್ಟು ಚಂದ್ರ ಎಲ್ಲರಿಗೂ ಕಾಣುತ್ತಿತ್ತು. ನಾಳೆ ಹಬ್ಬ. ಕೈ ಏಳದಿದ್ದರೆ ಇನ್ನೊಂದು ಉಪವಾಸ. ಕರಾವಳಿಯ ಸುದ್ದಿಗೆ ಕಾಯುವ ಪದ್ಧತಿ, ಹಬ್ಬದ ದಿನ ಸಾರುವ ಖಾಝಿಯವರಿಗೆ ಸೇರದು. "ನಮ್ಮ ದ್ವೀಪದ ಚಂದ್ರ ನಮ್ಮ ಕಣ್ಣಿಗೇ ಬೀಳ್ಬೇಕು" ಎನ್ನುತ್ತಿದ್ದರು. ಆ ಕಣ್ಣು ನಲವತ್ತು ವರ್ಷಗಳಿಂದ ಸೀದಿಕೋಯರದ್ದು.

ಕಷ್ಟ ಇದ್ದದ್ದು ಅಲ್ಲೇ. ಎರಡು ವರ್ಷದಿಂದ ಆ ಕಣ್ಣುಗಳಿಗೆ ತೆಂಗಿನಹಾಲಿನಂಥ ಪೊರೆ ಬಂದಿತ್ತು. ಧ್ರುವನಕ್ಷತ್ರ ಕಾಣದೆ ಎಷ್ಟೋ ದಿನವಾಗಿತ್ತು. ಆದರೂ ಸೂರ್ಯ ಮುಳುಗಿದ ಜಾಗದಿಂದ ಎಷ್ಟು ಬೆರಳು ಎಡಕ್ಕೆ, ಎಷ್ಟು ಮೇಲಕ್ಕೆ ಚಂದ್ರ ಇರಬೇಕೆಂಬ ಲೆಕ್ಕ ರಕ್ತದಲ್ಲಿತ್ತು. ಎರಡು ವರ್ಷವೂ ಲೆಕ್ಕ ಹಿಡಿದು ಬೆರಳು ಚಾಚಿದರು. ಜನ ತಮ್ಮ ಕಣ್ಣಿನಿಂದಲೇ ಕಂಡು "ಏನು ಕಣ್ಣಪ್ಪಾ ಮಾಲ್ಮಿದು!" ಎಂದರು. ಮಾಲ್ಮಿ ಗಂಭೀರವಾಗಿ ತಲೆಯಾಡಿಸಿದರು.

ಈ ಸಲದ ಇಪ್ಪತ್ತೆಂಟನೆಯ ಸಂಜೆ ಅಕ್ಕನ ಮಗಳು ಹಾಜರೊಮ್ಮಾಬಿ ಅವರ ತಟ್ಟೆಗೆ ಮೀನು ಬಡಿಸುತ್ತಾ ಹೊಸ ಸುದ್ದಿ ತೆಗೆದಳು. ಅವಳು ದ್ವೀಪದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು.

"ಮಾಮ, ನಾಳೆ ಸಂಜೆ ಏಳು ಹದಿನಾಲ್ಕಕ್ಕೆ ನೈಋತ್ಯದಿಂದ ಬಾಹ್ಯಾಕಾಶ ನಿಲ್ದಾಣ ಬರುತ್ತೆ. ನಮ್ಮ ನೆತ್ತಿ ಮೇಲೇ ಹೋಗುತ್ತೆ. ಒಳಗೆ ಏಳು ಜನ ಇದ್ದಾರೆ."

"ಏಳು ಹದಿನಾಲ್ಕಕ್ಕಾ? ಸಾಮಾನು ತರೋ ಹಡಗು ಹೇಳಿದ ವಾರಕ್ಕೇ ಬರಲ್ಲ. ಇದು ಹೇಳಿದ ನಿಮಿಷಕ್ಕೆ ಬರುತ್ತಂತೆ!"

"ಬರುತ್ತೆ. ಬೇಕಾದ್ರೆ ನಿಮ್ಮ ಹಲಗೆ ಹಿಡಿದು ಅಳೀರಿ."

"ಅಳೀದೆ ಬಿಡ್ತೀನಾ? ನನ್ನ ದಾರಕ್ಕೆ ಸಿಗದ ಬೆಳಕು ಇನ್ನೂ ಹುಟ್ಟಿಲ್ಲ ಕಣೇ." ಎರಡು ತುತ್ತಿನ ಮೇಲೆ ಅವರಿಗೊಂದು ಅನುಮಾನ ಬಂತು. "ಅಲ್ಲ, ಆ ಏಳು ಜನದಲ್ಲಿ ಒಬ್ಬ ಉಪವಾಸ ಇರೋನು ಇದ್ದ ಅಂತಿಟ್ಕೋ. ಅವನೇನು ಮಾಡ್ತಾನೆ?"

"ಅಲ್ಲಿ ದಿನಕ್ಕೆ ಹದಿನಾರು ಸಲ ಸೂರ್ಯ ಮುಳುಗುತ್ತೆ ಮಾಮ."

"ಹಾಗಿದ್ರೆ ನಮ್ಮ ಹಲ್ವಾ ಬಂಬನ್‌ನ ಕಳಿಸ್ಬಹುದು. ಮುಕ್ಕಾಲು ಗಂಟೆ ಉಪವಾಸ ಅಂದ್ರೆ ಅವನೂ ಹಿಡೀತಾನೆ."

"ಇಲ್ಲ. ನೆಲದ ಮೇಲಿನ ಒಂದೂರಿನ ಲೆಕ್ಕ ಹಿಡೀತಾರೆ. ಆ ಊರಲ್ಲಿ ಯಾರೋ ಚಂದ್ರನ್ನ ಕಂಡು ಹೇಳಿದ್ರೆ ಅವರಿಗೂ ಹಬ್ಬ."

"ಅಷ್ಟು ಎತ್ತರದಲ್ಲಿ ಕೂತೂ ಕೆಳಗಿನೋರ ಕಣ್ಣು ನಂಬ್ಬೇಕಾ!" ಎಂದು ಸೀದಿಕೋಯ ನಕ್ಕರು. ನಕ್ಕು ಕಣ್ಣುಜ್ಜಿಕೊಂಡರು.

ಮರುದಿನ ಸೂರ್ಯ ಮುಳುಗಿತು. ಖರ್ಜೂರ, ಗಂಜಿ, ನಮಾಜು ಮುಗಿಸಿ ದ್ವೀಪವೆಲ್ಲ ದಂಡೆಗೆ ಬಂತು. ಪಶ್ಚಿಮದಲ್ಲಿ ನೀರಿಗೆ ಅಂಟಿಕೊಂಡಂತೆ ಮಬ್ಬು ಕವಿದಿತ್ತು. ಎಳೆಗಣ್ಣುಗಳಿಗೂ ಏನೂ ಸಿಗಲಿಲ್ಲ. ಅರ್ಧ ಗಂಟೆ ಕಳೆಯಿತು. ಚಂದ್ರ ಇದ್ದರೆ ಇನ್ನು ಮುಳುಗುವ ಹೊತ್ತು.

"ಮಾಲ್ಮೀ, ಬೇಗ ಕಾಣೋ ಮಾರಾಯ!" ಎಂದ ಬಂಬನ್. ಹಬ್ಬಕ್ಕೆ ಹಲ್ವಾ ಕಾಯಿಸುವವನು ಅವನು. "ಎರಡು ಕೊಪ್ಪರಿಗೆ ಒಲೆ ಮೇಲಿದೆ. ಇವತ್ತು ಇಳಿಸ್ಲಾ, ನಾಳೆಗಿಡ್ಲಾ?"

"ಚಂದ್ರ ನಿನ್ನ ಕೊಪ್ಪರಿಗೆ ನೋಡ್ಕೊಂಡು ಹುಟ್ಟಲ್ಲ."

"ನನ್ನ ಕೊಪ್ಪರಿಗೆ ನೋಡೋದು ಬೇಡ, ನಿನ್ನ ಬೆರಳು ನೋಡ್ಕೊಂಡು ಹುಟ್ಟಿದ್ರೆ ಸಾಕು!"

ಜನ ನಕ್ಕರು. ಖಾಝಿ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಸೀದಿಕೋಯಾ, ಇವತ್ತು ಬೇರೆ ಯಾರಿಗೂ ಕಾಣ್ತಿಲ್ಲ. ನಿನ್ನ ಒಂದು ಮಾತಿನ ಮೇಲೆ ನಿಂತಿದೆ. ಕಂಡೆಯಾ?"

ಲೆಕ್ಕದ ಪ್ರಕಾರ ಚಂದ್ರ ಅಲ್ಲೇ ಇರಬೇಕಿತ್ತು. ಮೂರು ಬೆರಳು ಎಡಕ್ಕೆ, ಎರಡು ಮೇಲಕ್ಕೆ, ಮಬ್ಬಿನ ಹಿಂದೆ. ಕಂಡೆ ಎಂದರೆ ಅಲ್ಲವೆನ್ನುವವರು ಯಾರೂ ಇರಲಿಲ್ಲ. ಬಲಗೈ ತಾನಾಗಿ ಸೊಂಟದಿಂದ ಎದ್ದಿತು.

"ಮಾಮ, ಬಂತು!" ಎಂದು ಹಾಜರೊಮ್ಮಾಬಿ ಕೂಗಿದಳು.

ನೈಋತ್ಯದ ನೀರಿನ ಮೇಲೆ ಒಂದು ಬೆಳಕು ಎದ್ದಿತ್ತು. ಸೀದಿಕೋಯ ಅತ್ತ ತಿರುಗಿದರು. ಕಾಣುತ್ತಿತ್ತು! ಎರಡು ವರ್ಷದಲ್ಲಿ ಮೊದಲ ಸಲ ಆಕಾಶದ ಒಂದು ಚುಕ್ಕಿ ಅವರ ಪೊರೆಯನ್ನು ತೂರಿ ಒಳಗೆ ಬಂದಿತ್ತು. ಅಂಚು ಅರಳಿ, ಎಸಳೆಸಳಾಗಿ, ನೀರಲ್ಲಿ ನೆನೆದ ಮಲ್ಲಿಗೆಯಂತೆ. ಮಿಣುಕದೆ, ಸದ್ದಿಲ್ಲದೆ, ಯಾವ ಗಾಳಿಯ ಹಂಗೂ ಇಲ್ಲದೆ ಮೇಲೇರುತ್ತಿತ್ತು.

ಎದ್ದ ಕೈ ಜೇಬಿಗೆ ಹೋಗಿ ಹಲಗೆ ತೆಗೆಯಿತು. ಮಂಗಳೂರಿನ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಮಾಲ್ಮಿ ಹಲಗೆ ಹಿಡಿದರು. ಹಲಗೆ ನೀರಿನ ಗೆರೆಗೆ ಕೂರುವಷ್ಟರಲ್ಲಿ ಬೆಳಕು ಮೇಲಂಚು ದಾಟಿತ್ತು. ಗಂಟು ಬದಲಿಸಿದರು. ಅದನ್ನೂ ದಾಟಿತ್ತು. ಊರ ಹಿರಿಯ ಮಾಲ್ಮಿ ಬಾಯಲ್ಲಿ ದಾರ ಕಚ್ಚಿಕೊಂಡು, ಹಲಗೆ ಎತ್ತಿಕೊಂಡು ಹಿಂದಕ್ಕೆ ವಾಲುತ್ತಾ ಹೋದರು. ಬಂಬನ್ ಹಿಡಿದುಕೊಳ್ಳದಿದ್ದರೆ ಮರಳಲ್ಲಿ ಅಂಗಾತ ಬೀಳುತ್ತಿದ್ದರು. ಬೆಳಕು ನೆತ್ತಿಗೆ ಬಂತು. ಹಲ್ಲಿನಿಂದ ದಾರ ಜಾರಿತು.

"ಇದರ ಮಾಲ್ಮಿ ಯಾರೇ?" ಎಂದರು, ಮಗುವಿನ ದನಿಯಲ್ಲಿ.

"ಕೆಳಗಿನಿಂದಲೂ ನಡೆಸ್ತಾರೆ, ಮೇಲಿನಿಂದಲೂ ನಡೆಸ್ತಾರೆ ಮಾಮ. ನೋಡಿ, ಈಗ ಮಂಗಳೂರು ದಾಟ್ತು."

"ಏನು?"

"ನಮ್ಮ ನೆತ್ತಿಯಿಂದ ಮಂಗಳೂರಿಗೆ ಒಂದು ನಿಮಿಷವೂ ಬೇಡ ಅದಕ್ಕೆ."

ಸೀದಿಕೋಯರಿಗೆ ಆ ದಾರಿಯ ಒಂದೊಂದು ಅಲೆಯೂ ಗೊತ್ತಿತ್ತು. ಒಳ್ಳೆಯ ಗಾಳಿಯಿದ್ದರೆ ಐದು ದಿನ. ಗಾಳಿ ಸತ್ತ ವರ್ಷ ಹದಿನೇಳು ದಿನ. ಕುಡಿಯುವ ನೀರನ್ನು ಚಿಪ್ಪಿನಲ್ಲಿ ಅಳೆದು ಕೊಟ್ಟಿದ್ದರು. ಅದೇ ದಾರಿ, ಅದೇ ಕಡಲು. ಯಾರೋ ಏಳು ಜನ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋದರು. ಹೊಟ್ಟೆಕಿಚ್ಚು ಬರಬೇಕಿತ್ತು. ಬಂದದ್ದು ರೋಮಾಂಚನ. ಅವರಿಗೆ ಅರಿವಿಲ್ಲದೆ ಎರಡೂ ಅಂಗೈ ಮೇಲಕ್ಕೆ ಬಿಚ್ಚಿಕೊಂಡಿದ್ದವು. ದಂಡೆಯ ಮೇಲಿನವರೆಲ್ಲ ತಲೆಯೆತ್ತಿ ನೋಡುತ್ತಿದ್ದರು, ಒಲೆ ಮರೆತ ಬಂಬನ್ ಕೂಡ.

ಈಶಾನ್ಯದಲ್ಲಿ, ದಿಗಂತಕ್ಕೆ ಇನ್ನೂ ಒಂದೂವರೆ ಗೇಣು ಮೇಲಿರುವಾಗಲೇ, ಬೆಳಕು ಕೆಂಪಗಾಗಿ ಆರಿಹೋಯಿತು. ಮೋಡವಿರಲಿಲ್ಲ. ಮುಳುಗದೆಯೇ ಆರುವ ನಕ್ಷತ್ರವನ್ನು ಅವರು ಕಂಡಿರಲಿಲ್ಲ.

"ಭೂಮಿಯ ನೆರಳಿಗೆ ಹೋಯ್ತು" ಎಂದಳು ಹಾಜರೊಮ್ಮಾಬಿ.

ಖಾಝಿ ಅವರ ತೋಳು ಮುಟ್ಟಿದರು. "ಸೀದಿಕೋಯಾ, ಚಂದ್ರ?"

ಮಾಲ್ಮಿ ಪಶ್ಚಿಮಕ್ಕೆ ತಿರುಗಿದರು. ಬರೀ ಹಾಲು ಬಣ್ಣ. ಈಗ ತಾನೇ ನಿಜವಾಗಿ ಕಂಡ ಕಣ್ಣಿಗೆ, ಕಾಣುವುದೆಂದರೆ ಏನೆಂಬುದು ಮತ್ತೆ ನೆನಪಾಗಿತ್ತು. ಅಷ್ಟು ಮೇಲೆ ಕೂತವನೂ ಕೆಳಗಿನ ಯಾವನೋ ಒಬ್ಬನ "ಕಂಡೆ" ಎಂಬ ಮಾತಿಗೆ ಕಾಯುತ್ತಾನಂತೆ.

"ಆ ನಿಲ್ದಾಣ ಕಂಡೆ. ಚಂದ್ರನ್ನ ಕಾಣಲಿಲ್ಲ" ಎಂದರು. ಆಮೇಲೆ, ಅರ್ಧಕ್ಕೆ ನಿಲ್ಲಿಸುವುದು ಸರಿಯಲ್ಲವೆನಿಸಿ, "ಹೋದ ವರ್ಷವೂ ಕಂಡಿರಲಿಲ್ಲ. ಅದರ ಹಿಂದಿನ ವರ್ಷವೂ. ಲೆಕ್ಕ ಹಾಕಿ ಬೆರಳು ತೋರಿಸ್ದೆ, ಕಂಡೋರು ನೀವು. ನನ್ನ ಕಣ್ಣು ಹೋಗಿದೆ" ಎಂದರು.

ಖಾಝಿ ಜನರ ಕಡೆ ತಿರುಗಿದರು. "ಮೂವತ್ತು ಪೂರ್ತಿ ಮಾಡೋಣ. ಹಬ್ಬ ನಾಡಿದ್ದು" ಎಂದರು.

"ನನ್ನ ಹಲ್ವಾ!" ಎಂದು ಬಂಬನ್ ತಲೆ ಮೇಲೆ ಕೈಹೊತ್ತ. "ನಲವತ್ತು ವರ್ಷದಲ್ಲಿ ಸತ್ಯ ಹೇಳೋಕೆ ಇವತ್ತೇ ಸಿಕ್ತಾ ಮಾಲ್ಮಿ ನಿಂಗೆ?" ಎಂದು ಬೈಯುತ್ತಾ ಒಲೆಯ ಕಡೆ ಓಡಿದ.

ಜನ ಗೊಣಗುತ್ತಾ ಚದುರಿದರು. ಸೀದಿಕೋಯ ಹಲಗೆಗೆ ದಾರ ಸುತ್ತುತ್ತಾ ನಿಂತಿದ್ದರು.

"ನಂಗೆ ಗೊತ್ತಿತ್ತು ಮಾಮ" ಎಂದಳು ಹಾಜರೊಮ್ಮಾಬಿ. "ಎರಡು ವರ್ಷದಿಂದ ಮೀನಿನ ಮುಳ್ಳು ತೆಗೆದು ಬಡಿಸ್ತಿರೋದು ಯಾರು ಅಂದ್ಕೊಂಡ್ರಿ?"

"ಈಗಿನ ಮೀನಿಗೆ ಮುಳ್ಳು ಕಮ್ಮಿ ಅಂದ್ಕೊಂಡಿದ್ದೆ." ಅವರು ಹಲಗೆಯನ್ನು ಅವಳ ಕೈಗೆ ಕೊಟ್ಟರು. "ತಗೋ. ಮನೆಯ ಗಂಟು ಮೂರನೇದು. ಹಲ್ಲಲ್ಲಿ ಕಚ್ಚು, ಉಸಿರು ಬಿಡಬೇಡ. ಧ್ರುವ ಎಲ್ಲಿದೆ ಅಂತ ನಂಗೆ ಹೇಳು."

ಅವಳು ಉತ್ತರಕ್ಕೆ ತಿರುಗಿ ದಾರ ಕಚ್ಚಿದಳು.

"ಮೇಲಂಚಲ್ಲಿ ಕೂತಿದೆ ಮಾಮ. ಸರಿಯಾಗಿ ಕೂತಿದೆ."

"ಹಾಗಿದ್ರೆ ಮನೆಗೆ ಬಂದಿದ್ದೀವಿ" ಎಂದರು ಸೀದಿಕೋಯ. "ಆ ನಿಲ್ದಾಣ ಮತ್ತೆ ಯಾವಾಗ ಬರುತ್ತೆ?"