ಒಂದು ಗಂಟೆಯ ಸತ್ವ

ನಮ್ಮ ಭಾವ ಹಣ್ಣಿನ ಸತ್ವ ತೆಗೆಯುವ ಕಾರ್ಖಾನೆಯ ಮುಖ್ಯಸ್ಥರು. ಅದನ್ನು ಮರೆಯಲು ಅವರು ನಮಗೆ ಅವಕಾಶವನ್ನೇ ಕೊಡುತ್ತಿರಲಿಲ್ಲ. ಮನೆಯ ಚಹಾ ಲೋಟವನ್ನೂ ಬೆಳಕಿಗೆ ಹಿಡಿದು, ಇನ್ನೂ ಬಣ್ಣ ಬಿಟ್ಟಿಲ್ಲವೆಂದು ಅಕ್ಕನಿಗೆ ವಾಪಸು ಕೊಡುತ್ತಿದ್ದರು. ಅಕ್ಕ ಅದೇ ಲೋಟವನ್ನು ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿಸಿ ತಂದಿಟ್ಟರೆ, ಈಗ ಹದ ಬಂತು ಎನ್ನುತ್ತಿದ್ದರು.

ಆ ಕುರ್ಚಿ ಅವರಿಗೆ ಸಿಕ್ಕಿದ್ದು ಒಂದು ಮಾತಿನ ಬಲದಿಂದ. ಕಾರ್ಖಾನೆಯಲ್ಲಿ ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ಸ್ಪಿರಿಟ್ಟು ಬೆರೆಸಿದ ನೀರಿನಲ್ಲಿ, ಮುಚ್ಚಿದ ಪಾತ್ರೆಯೊಳಗೆ, ಎರಡು ದಿನ ತಣ್ಣಗೆ ನೆನೆಹಾಕುತ್ತಿದ್ದರು. ಬರೀ ನೀರಿನಲ್ಲಿ ಕುದಿಸಿದರೆ ಒಂದೇ ಗಂಟೆ ಸಾಕೆಂದು ಭಾವ ಮಾಲೀಕರಿಗೆ ಹೇಳಿದರು. ಕುದಿಸಿಯೂ ತೋರಿಸಿದರು. ರಸ ಹೆಚ್ಚು ಬಂತು, ಬಣ್ಣ ಗಾಢವಾಗಿ ಬಂತು. ಹಳೆಯ ಮುಖ್ಯಸ್ಥರು ಮನೆಗೆ ಹೋದರು.

ರಸ ಪರೀಕ್ಷಿಸುವ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ನಳಿಕೆಯಮ್ಮ. ಗಾಜಿನ ನಳಿಕೆಯ ನೇರಳೆ ದ್ರಾವಣಕ್ಕೆ ನಾಲ್ಕು ಹನಿ ರಸ ಬಿಟ್ಟು, ಅರ್ಧ ಗಂಟೆ ಕತ್ತಲ ಬೀರುವಿನಲ್ಲಿ ಇಡುವುದು ಆಕೆಯ ಕೆಲಸ. ರಸದಲ್ಲಿ ಉತ್ಕರ್ಷಣ ನಿರೋಧಕಗಳು, ಅಂದರೆ ಖರೀದಿದಾರರು ಹಣ ಕೊಡುವ ನಿಜವಾದ ಸತ್ವ, ಇದ್ದರೆ ನೇರಳೆ ಅಳಿದು ಹಳದಿಯಾಗುತ್ತದೆ. ಕುದಿಸಿದ ರಸದ ನಳಿಕೆ ಒಳಗೆ ಹೋದ ಬಣ್ಣದಲ್ಲೇ ಹೊರಗೆ ಬಂತು.

"ಬಿಸಿಗೆ ಸತ್ವ ಹಾಳಾಗಿದೆ ಸರ್. ಉಳಿದಿರೋದು ಬರೀ ಬಣ್ಣ."

"ನಿಮ್ಮ ದ್ರಾವಣ ಕೆಟ್ಟಿದೆ ಕಣಮ್ಮ."

ಆಕೆ ತಣ್ಣಗೆ ನೆನೆಸಿದ ಹಳೆಯ ರಸವನ್ನು ಅದೇ ದ್ರಾವಣಕ್ಕೆ ಹಾಕಿ ತೋರಿಸಿದರು. ಹಳದಿಯಾಯಿತು.

"ಇದಕ್ಕೆ ಮಾತ್ರ ಕೆಟ್ಟಿಲ್ಲ ನೋಡಿ."

ಭಾವ ಎದ್ದು ಕೋಣೆಯ ಬಾಗಿಲು ಹಾಕಿಕೊಂಡರು. ತಪ್ಪು ಒಪ್ಪಿಕೊಂಡರೆ ಕುರ್ಚಿ ಹೋಗುತ್ತಿತ್ತು. ಹಾಗಾಗಿ ಮೂಲೆಯಲ್ಲಿ ಒಂದು ಪುಟ್ಟ ಪಾತ್ರೆಯಲ್ಲಿ ಮಾತ್ರ ತಣ್ಣಗೆ ನೆನೆಹಾಕಿಸತೊಡಗಿದರು. ಖರೀದಿದಾರರಿಗೆ ಹೋಗುವ ಮಾದರಿ ಶೀಸೆ ಆ ಪಾತ್ರೆಯಿಂದ ತುಂಬುತ್ತಿತ್ತು; ಡ್ರಮ್ಮುಗಳು ಕುದಿಯುವ ಹಂಡೆಯಿಂದ. ಈ ಗುಟ್ಟೆಲ್ಲ ನಳಿಕೆಯಮ್ಮನೇ ಆಮೇಲೆ ನನಗೆ ಹೇಳಿದ್ದು.

ನಾಲ್ಕು ತಿಂಗಳು ಯಾರೂ ಏನೂ ಕೇಳಲಿಲ್ಲ. ಕೇಳದಿದ್ದಷ್ಟೂ ಭಾವ ಇಳಿದುಹೋದರು. ಮನೆಯಲ್ಲಿ ಫೋನು ಬಡಿದುಕೊಂಡರೆ ಬಚ್ಚಲಿಗೆ ಹೋಗುತ್ತಿದ್ದರು. ಮುಖ್ಯಸ್ಥನಾದವನಿಗೆ ನೂರು ತಲೆನೋವು ಎಂದು ಅಕ್ಕ ನೆಂಟರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ, ಹೇಳದೆ ಕೇಳದೆ, ಖರೀದಿದಾರರ ಕಡೆಯವನೊಬ್ಬ ಬಂದ. ಮೆದು ಮಾತಿನ ಮನುಷ್ಯ. ನೇರಳೆ ದ್ರಾವಣವನ್ನು ತಾನೇ ಡಬ್ಬಿಯಲ್ಲಿ ತಂದಿದ್ದ.

"ನಿಮ್ಮ ಮಾದರಿ ತುಂಬಾ ಚೆನ್ನಾಗಿತ್ತು," ಎಂದ. "ಅದಕ್ಕೇ ಬಂದೆ."

ಮೊದಲು ಕಾಫಿ ಕುಡಿಯೋಣವೆಂದರು ಭಾವ. ಆಮೇಲೆ ಕುಡಿಯೋಣವೆಂದು ಅವನು ಗೋದಾಮಿಗೆ ನಡೆದ. ಕಣ್ಣಿಗೆ ಬಿದ್ದ ಡ್ರಮ್ಮಿನಿಂದ ತಾನೇ ರಸ ತೆಗೆದು ನಳಿಕೆಗೆ ಬಿಟ್ಟು, ಅಲ್ಲೇ ಪಕ್ಕದಲ್ಲಿದ್ದ ನಳಿಕೆಯಮ್ಮನ ಬೀರುವಿನೊಳಗಿಟ್ಟ. ಆ ಅರ್ಧ ಗಂಟೆ, ಜೊತೆಗೆ ಬಂದಿದ್ದ ಮಾಲೀಕರೊಬ್ಬರೇ ಮಾತಾಡಿದರು. ಎರಡು ದಿನದ ಕೆಲಸವನ್ನು ಒಂದು ಗಂಟೆಗೆ ಇಳಿಸಿದ ಭಾವನ ಬುದ್ಧಿಯನ್ನು ಹೊಗಳಿದರು. ಭಾವ ಬೀರುವಿನ ಬಾಗಿಲನ್ನೇ ನೋಡುತ್ತಿದ್ದರು.

ನಳಿಕೆಯಮ್ಮ ಬಾಗಿಲು ತೆಗೆದರು. ನೇರಳೆ, ಅಚ್ಚ ನೇರಳೆ.

ಬಂದವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಮುಖದ ಮೇಲೆ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ಇನ್ನೊಂದು ಡ್ರಮ್ ತೆಗೀರಿ," ಎಂದ.

ಮಾಲೀಕರು ಮಾತು ನಿಲ್ಲಿಸಿ ಭಾವನ ಕಡೆ ತಿರುಗಿದರು. ಗೋದಾಮಿನಲ್ಲಿ ಅರವತ್ತು ಡ್ರಮ್ಮುಗಳಿದ್ದವು. ಭಾವ ಎರಡನೆಯದರ ಮುಚ್ಚಳಕ್ಕೆ ಕೈಹಾಕಿದರು.