ದೀಪ ದೊಡ್ಡದು ಮಾಡು

ಮೊನ್ನೆ ನನ್ನ ಹಸಿರು ಸೀರೆ ಕಪ್ಪಾಯಿತು. ಮಗಳು ಆನ್‌ಲೈನಿನಲ್ಲಿ ತರಿಸಿದ ಗಿಡದ ಲೈಟನ್ನು ಅಡುಗೆಮನೆಯ ಕಪಾಟಿಗೆ ಸಿಕ್ಕಿಸಿ ಸ್ವಿಚ್ ಒತ್ತಿದ್ದಳು. ಅದರಡಿ ಕೊತ್ತಂಬರಿ ಬೆಳೆಸುತ್ತಾಳಂತೆ. ಕೆಂಪು ನೀಲಿ ಬೆರೆತ ಗುಲಾಬಿ ಬೆಳಕು ಸುರಿಯಿತು, ನನ್ನ ಸೆರಗಿನ ಗಿಣಿಹಸಿರು ಮಸಿಯ ಬಣ್ಣಕ್ಕೆ ತಿರುಗಿತು. "ಅಯ್ಯೋ, ಅದೇ ಬೆಳಕು!" ಎಂದು ಕೂಗಿಬಿಟ್ಟೆ. ಮದ್ರಾಸಿನ ಪೆರಂಬೂರಿನ ನಮ್ಮ ಹಳೆಯ ಮನೆ, ಅದರ ಹಿಂದಿನ ಕೋಣೆ, ಕೈಯಲ್ಲಿ ಸೋಲ್ಡರ್ ಕಡ್ಡಿ ಹಿಡಿದ ಅಣ್ಣ… ಎಲ್ಲ ಒಟ್ಟಿಗೆ ಬಂದು ನಿಂತವು.

ಅಣ್ಣ ಗದಗಿನಲ್ಲಿ ಅಜ್ಜಿಯ ಹತ್ತಿರ ಬೆಳೆದವನು. ಐಟಿಐ ಮುಗಿಸಿ ನಮ್ಮ ಬಳಿಗೆ ಬಂದಾಗ ನಾನಾಗಲೇ ಎಂಟನೇ ಕ್ಲಾಸಿಗೆ ತಮಿಳು ಶಾಲೆ ಬಿಟ್ಟು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ಕನ್ನಡ ಅಕ್ಷರ ಅಮ್ಮ ಕಲಿಸಿದ್ದು. ಅಣ್ಣ ಗದಗಿನ ಮಾತಿನಲ್ಲಿ ಕೇಳಿದರೆ ನಾನು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಅವನಿಗೆ ಅದೊಂದು ತಮಾಷೆ. "ಗಿಳಿ ಸಾಕೀವಿ ಅಂದ್ಕೊಂಡ್ರ ಮೈನಾ ಆಗೇತಲ್ಲೋ!" ಎಂದು ಅಪ್ಪನ ಎದುರು ನಗುತ್ತಿದ್ದ.

ಒಂದು ಕಾರ್ಖಾನೆಯಲ್ಲಿ ಅವನಿಗೆ ಶಿಫ್ಟ್ ಕೆಲಸ. ಮನಸ್ಸು ಮಾತ್ರ ಗಿಡಗಳ ಮೇಲೆ. ನಮ್ಮ ಹಿಂದಿನ ಕೋಣೆಗೆ ಕಿಟಕಿಯೇ ಇರಲಿಲ್ಲ. ಹಗಲಲ್ಲೂ ಬಾವಿಯೊಳಗಿನ ಕತ್ತಲು. ಅಲ್ಲಿ ಎಲ್‌ಇಡಿ ದೀಪದಡಿ ಸೇವಂತಿಗೆ ಅರಳಿಸಿ, ಕುಂಡಗಳನ್ನು ಹೂವಿನ ಅಂಗಡಿಗಳಿಗೆ ಕೊಟ್ಟು, ಶಿಫ್ಟ್ ಬಿಟ್ಟುಬಿಡುವುದು ಅವನ ಕನಸು. ಆ ಕೋಣೆಯನ್ನು ಬಾಡಿಗೆಗೆ ಕೊಡಬೇಕೆಂದು ಅಪ್ಪ ಹೊರಟಿದ್ದರು. ಅಣ್ಣ ಕೈಕಾಲು ಹಿಡಿದ ಮೇಲೆ ಒಪ್ಪಿದರು.

"ಕಾರ್ತಿಕದೊಳಗ ಒಂದ ಹೂ ಅರಳಲಿ, ಕೋಣಿ ನಿಂದು. ಮ್ಯಾಲೆ ನನ್ನ ಮೀಸೀನೂ ಬೋಳಸ್ತೀನಿ. ಅರಳಲಿಲ್ಲ, ಬಾಡಿಗಿಗೆ."

"ಕತ್ರಿ ತಂದಿಟ್ಕೋ ಅಪ್ಪಾ," ಎಂದ ಅಣ್ಣ.

ದೀಪ ಆಯ್ದು ತರಲು ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚ್ಚಿ ಸ್ಟ್ರೀಟಿಗೆ ನನ್ನನ್ನೂ ಕರೆದುಕೊಂಡು ಹೋದ. ಆ ದಿನದ ಸಂಭ್ರಮ ಏನು ಹೇಳಲಿ! ಸಂದಿಗೊಂದಿಯಲ್ಲೆಲ್ಲ ಬಣ್ಣಬಣ್ಣದ ಮಿಣುಕು. ಅಂಗಡಿಯವನು ಕಣ್ಣು ಕೋರೈಸುವ ಕೆಂಪು ಬಲ್ಬೊಂದನ್ನು ಹೊತ್ತಿಸಿ, "ಇದ ಪಾರುಂಗ ಸಾರ್, ಸೂಪರ್ ಬ್ರೈಟ್!" ಎಂದ. ಅಣ್ಣ ಅದನ್ನು ಬದಿಗೆ ಸರಿಸಿ, ಮಂಕಾಗಿ ಉರಿಯುತ್ತಿದ್ದ ಇನ್ನೊಂದು ಗಾಢ ಕೆಂಪನ್ನು ಎತ್ತಿಕೊಂಡ.

"ಅಣ್ಣಾ, ಅದು ರೊಂಬ ಡಲ್ಲಾ ಇರುಕ್ಕು!" ಎಂದೆ.

"ನಿನ್ನ ಕಣ್ಣಿಗೆ ಡಲ್ಲು. ಎಲಿಗೆ ಇದ ಹಬ್ಬದ ಊಟ. ನಾವು ಬಂದಿರೂದು ಗಿಡದ ಸಂತಿಗೆ, ನಿನ್ನ ಸಂತಿಗಲ್ಲ."

ನೀಲಿಯನ್ನು ಕಡಿಮೆ ತೆಗೆದುಕೊಂಡ. "ನೀಲಿ ಉಪ್ಪಿದ್ದಂಗ. ಇಲ್ಲಾಂದ್ರ ಗಿಡ ಜೋಲಾಡತೈತಿ, ಹೆಚ್ಚಾದ್ರ ಕುಳ್ಳ ಆಗಿ ಕುಂದರತೈತಿ."

ದೀಪ ಹೊತ್ತಿಸಿದ ದಿನ ನನ್ನ ಕೈಯಲ್ಲಿ ಗಿರಾಕಿಯ ಹಸಿರು ಬ್ಲೌಸ್ ಬಟ್ಟೆ ಇತ್ತು. ಅದು ಕಪ್ಪಾದದ್ದು ಕಂಡು ಬಟ್ಟೆ ಹಾಳಾಯಿತೆಂದು ನಾನು ಬೆಚ್ಚಿದೆ. ಅಣ್ಣ ನಕ್ಕು ಹೇಳಿಕೊಟ್ಟ: ಹಸಿರು ವಸ್ತು ಹಸಿರು ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ನಮಗೆ ಹಸಿರಾಗಿ ಕಾಣುತ್ತದೆ; ಈ ದೀಪದಲ್ಲಿ ಹಸಿರೇ ಇಲ್ಲ, ಪಾಪ ಬಟ್ಟೆ ಏನನ್ನು ಎಸೆದೀತು? ಎಲೆಯೂ ಹಾಗೆಯೇ, ಕೆಂಪು ನೀಲಿಯನ್ನು ಹೆಚ್ಚಾಗಿ ನುಂಗಿ ಕಪ್ಪಗೆ ಕೂರುತ್ತದೆ. ದಿನವೂ ಬಟ್ಟೆಗೆ ದಾರ ಹೊಂದಿಸುವ ನನಗೆ ಇದು ಥಟ್ಟನೆ ಹೊಳೆಯಿತು. ಶಾಲೆಯಲ್ಲಿ ಯಾವ ಪಾಠವೂ ಹಾಗೆ ಹೊಳೆದಿರಲಿಲ್ಲ.

ಸೇವಂತಿಗೆಯ ಎಲೆಗಳು ದಪ್ಪಗೆ, ಪುಷ್ಟಿಯಾಗಿ ಬಂದವು. "ಇನ್ನ ಇದಕ್ಕ ಉದ್ದನ್ನ ರಾತ್ರಿ ಬೇಕು," ಎಂದ ಅಣ್ಣ. "ಕತ್ತಲದಾಗ ಸೇವಂತಿಗಿ ಮೊಗ್ಗು ಕಟ್ಟತೈತಿ. ನಡುವ ಯಾರರೆ ಎಬ್ಬಿಸಿದ್ರ ಮರ್ತಬಿಡತೈತಿ." ಅಷ್ಟರಲ್ಲಿ ಅವನಿಗೆ ಸಂಜೆಯ ಶಿಫ್ಟ್ ಬಿತ್ತು. ಸೈಕಲ್ ಏರುತ್ತಲೇ ಕೂಗಿದ: "ಹೊತ್ತು ಮುಳುಗೂದ್ರಾಗ ದೀಪ ದೊಡ್ಡದು ಮಾಡವಾ, ಮರೀಬ್ಯಾಡ!"

ನಮ್ಮ ಕಡೆ ದೀಪವನ್ನು ಆರಿಸು ಎನ್ನುವುದಿಲ್ಲ, ಅದು ಅಪಶಕುನ. ಆರಿಸುವುದಕ್ಕೇ ದೊಡ್ಡದು ಮಾಡು ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಅಮ್ಮ ದಿನವೂ ದೇವರ ಮುಂದೆ ಹಾಗೆ ಹೇಳುತ್ತಿದ್ದಳು. ದೇವರ ಗೂಡಿಗೆ ಕರೆಂಟಿನ ಪುಟ್ಟ ಬಲ್ಬ್ ಬಂದ ಮೇಲೆ ಆ ಮಾತು ಮನೆಯಿಂದ ಹೋಯಿತು. ಅಣ್ಣ ಬಂದದ್ದು ಅದಾದ ಮೇಲೆ.

ನಾನು ಸಂಜೆ ದೀಪ ಆರಿಸಿದೆ. ಆಮೇಲೆ ಎದುರುಮನೆಯ ಅಕ್ಕ ಬ್ಲೌಸಿನ ಅಳತೆ ಕೊಡಲು ಬಂದಳು. ತೋರಿಸದೆ ಇರಲಾಗಲಿಲ್ಲ. ಸ್ವಿಚ್ ಒತ್ತಿದೆ. "ಎನ್ನಡಿ ಇದು, ಡಿಸ್ಕೋ ಮಾದಿರಿ ಇರುಕ್ಕೇ!" ಎಂದು ಅವಳು ಕೆನ್ನೆಗೆ ಕೈಯಿಟ್ಟಳು. ನಾನು ಹಸಿರು ಬಟ್ಟೆ ಹಿಡಿದು ಪಾಠ ಮಾಡಿದೆ. ಮರುದಿನ ಅವಳು ತಂಗಿಯನ್ನು ಕರೆತಂದಳು, ಆಮೇಲೆ ಬೀದಿಯ ಉಳಿದವರು. ಎಂಟನೇ ಕ್ಲಾಸಿನವಳ ಬಾಯಿಂದ ಸ್ಪೆಕ್ಟ್ರಮ್ ಎಂಬ ಮಾತು! ಎಲ್ಲರೂ ಬಾಯಿ ಬಿಟ್ಟು ಕೇಳುತ್ತಿದ್ದರು. ಈಗ ಬರೆಯುವಾಗಲೂ ಆ ಹೆಮ್ಮೆಗೆ ಮೈ ಜುಮ್ಮೆನ್ನುತ್ತದೆ… ಸ್ವಲ್ಪ ಹೊತ್ತಿನ ಬೆಳಕು ತಾನೇ, ಗಿಡಕ್ಕೇನು ಗೊತ್ತಾದೀತು ಎಂದುಕೊಂಡೆ.

ಗಿಡಕ್ಕೆ ಗೊತ್ತಾಯಿತು. ಎಲೆಯ ಮೇಲೆ ಎಲೆ ಬಂದವು, ಮೊಗ್ಗು ಬರಲಿಲ್ಲ. ಅಣ್ಣ ಗೊಬ್ಬರ ಬದಲಿಸಿದ, ದೀಪವನ್ನು ಏರಿಸಿದ, ಇಳಿಸಿದ. "ಕೆಂಪು ಬಲ್ಬ್ ಆಯೂದ್ರಾಗ ನಾನ ಎಡವಿದ್ನೇನೋ," ಎಂದು ತಲೆ ಹಿಡಿದು ಕೂತ. ನಾನು ಮಿಷನ್ ತುಳಿಯುತ್ತಲೇ ಇದ್ದೆ.

ಕಾರ್ತಿಕ ಹತ್ತಿರವಾದಾಗ ಒಂದು ಸಂಜೆ ಅವನು ಬೇಗ ಬಂದ. ಕೋಣೆ ತುಂಬ ಗುಲಾಬಿ ಬೆಳಕು, ಬಾಗಿಲಲ್ಲಿ ಹೆಂಗಸರು, ನಡುವೆ ನಾನು. ಅವರೆಲ್ಲ ಜಾರಿಕೊಂಡರು. ಅಪ್ಪ, ಅಮ್ಮ ಓಡಿಬಂದರು.

"ಏನವಾ ಇದು?" ಎಂದ ಅಣ್ಣ.

ನನ್ನ ಬಾಯಿಂದ ಬಂತು: "ನೀ ತಾನೇ ಹೇಳ್ದೆ, ದೀಪ ದೊಡ್ಡದು ಮಾಡು ಅಂತ? ಅದಕ್ಕೇ ಜೋರಾಗಿ ಹಾಕಿದೆ."

ಅಪ್ಪ ಹೊಟ್ಟೆ ಹಿಡಿದು ನಕ್ಕರು. ಅಣ್ಣ ಒಂದು ಗಳಿಗೆ ನನ್ನನ್ನೇ ನೋಡಿ, ಅವನೂ ನಕ್ಕ. "ತಪ್ಪು ನಂದ. ಮದ್ರಾಸ್ ಹುಡುಗಿಗೆ ಗದಗಿನ ಮಾತು ಹೇಳಿದ್ನಲ್ಲ!" ಅಮ್ಮ ಮಾತ್ರ ನಗಲಿಲ್ಲ. ನನ್ನ ಮುಖ ನೋಡಿದಳು, ಒಳಗೆ ಹೋದಳು.

ಕೋಣೆಗೆ ಪ್ಲಾಸ್ಟಿಕ್ ಬಕೆಟ್ ವ್ಯಾಪಾರಿಯ ಸಾಮಾನು ಬಂತು. ಅಪ್ಪನ ಮೀಸೆ ಉಳಿಯಿತು. ಅಣ್ಣ ದೀಪಗಳನ್ನು ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ, ಶಿಫ್ಟ್ ಬಿಡಲಿಲ್ಲ. ಅಂದಿನಿಂದ ನನ್ನೊಡನೆ ತಮಿಳಿನಲ್ಲೇ ಮಾತಾಡತೊಡಗಿದ. "ಲೈಟ್ ಅಣೈಮ್ಮಾ" ಎನ್ನುವನು, ಲೈಟ್ ಆರಿಸಮ್ಮ ಎಂದು, ಒಂದೊಂದೇ ಅಕ್ಷರ ಬಿಡಿಸಿ, ಮತ್ತೆ ತಪ್ಪಾಗದಿರಲೆಂದು. ಸಿಟ್ಟಿನಿಂದಲ್ಲ, ಪ್ರೀತಿಯಿಂದ. ನಿಜ ಹೇಳಿದ್ದರೆ ಅವನ "ಮಾಡವಾ" ನನಗೆ ಮರಳಿ ಸಿಗುತ್ತಿತ್ತು. ಹೇಳಲಿಲ್ಲ. ಮನೆಯ ನಗೆಮಾತಾಗಿ ಆ ದೀಪದ ಕತೆ ವರ್ಷಗಟ್ಟಲೆ ಓಡಾಡಿತು. ನನ್ನ ಮದುವೆಯಲ್ಲೂ ಅಣ್ಣನೇ ಅದನ್ನು ಹೇಳಿ ಎಲ್ಲರನ್ನೂ ನಗಿಸಿದ. ಹೋದ ವರ್ಷ ಅವನು ತೀರಿಕೊಂಡ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಆಡಿದ ಕೊನೆಯ ಮಾತೂ ತಮಿಳೇ…

ಮೊನ್ನೆ ಮಗಳ ಕೊತ್ತಂಬರಿಯ ಮುಂದೆ ತುಂಬ ಹೊತ್ತು ಕೂತಿದ್ದೆ. ಕತ್ತಲಾಯಿತು. "ದೀಪ ದೊಡ್ಡದು ಮಾಡವಾ," ಎಂದೆ.

"ಸರಿಮ್ಮಾ," ಎಂದು ಅವಳು ಲೈಟಿನ ಗುಂಡಿ ತಿರುಗಿಸಿ ಬೆಳಕು ಇನ್ನೂ ಜೋರು ಮಾಡಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.