ರಾಜಶ್ರೀ ಕೊಟ್ಟ ಮೇಣದ ಬಿಲ್ಲೆ

ರಾಜಶ್ರೀ ಜಮಖಂಡಿಯ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಯಿತು. ರಕ್ತ ಪರೀಕ್ಷೆ ಮಾಡುವವರು ಊರ ತುಂಬ ಇದ್ದಾರೆ. ದೇಹದಿಂದ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಡಾಕ್ಟರರ ಮುಂದಿಡುವುದು ಆ ಲ್ಯಾಬಿನಲ್ಲಿ ಇವಳೊಬ್ಬಳಿಗೇ ಗೊತ್ತು. ಕೈ ಎಷ್ಟು ಹದವೋ ಬಾಯಿ ಅಷ್ಟೇ ಖಾರ. ಹಿಂದೊಮ್ಮೆ ಹೆಣ್ಣು ನೋಡಲು ಬಂದ ಮುಧೋಳದವರು ಏನು ಕೆಲಸವೆಂದು ಕೇಳಿದಾಗ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅವರು ಉಪ್ಪಿಟ್ಟಿನ ತಾಟು ಬಿಟ್ಟು ಏಳುವಂತೆ ಮಾಡಿದ್ದಳು. ಅದರ ಬಗ್ಗೆ ಅವಳಿಗೆ ಇವತ್ತಿಗೂ ಬೇಸರವಿಲ್ಲ.

ಈಗಿನ ಸಿಟ್ಟು ಬನಹಟ್ಟಿಯ ಶಿದ್ರಾಮಪ್ಪನ ಮೇಲೆ. ಅವನ ಹೆಂಡತಿ ಶಿವಗಂಗವ್ವನ ಗರ್ಭಕೋಶದ ಬಾಯಿಂದ ತೆಗೆದ ತುಣುಕು ಜೋಳದ ಕಾಳಿನಷ್ಟಿತ್ತು. ಡಾಕ್ಟರು ನೋಡಿ ಕ್ಯಾನ್ಸರ್ ಎಂದರು, ಆದರೆ ಯಾವ ಜಾತಿಯದು ಎಂಬುದು ಬರೀ ಬಣ್ಣ ಹಾಕಿ ನೋಡಿದರೆ ತಿಳಿಯುತ್ತಿರಲಿಲ್ಲ. ಅದಕ್ಕೆ ಆ ತುಣುಕಿನೊಳಗಿನ ಪ್ರೋಟೀನುಗಳನ್ನೇ ಹುಡುಕಬೇಕು. ಪಿ-40 ಕಂಡರೆ ಒಂದು ಜಾತಿ, ಸಿನಾಪ್ಟೊಫೈಸಿನ್ ಕಂಡರೆ ಇನ್ನೊಂದು. ಮೊದಲಿನದಾದರೆ ಕರೆಂಟು, ಅಂದರೆ ರೇಡಿಯೇಶನ್, ಕೊಡುವುದೇ ಮುಖ್ಯ ಚಿಕಿತ್ಸೆ. ಎರಡನೆಯದು ಬೇಗ ಹಬ್ಬುವಂಥದ್ದು, ಕೀಮೋ ಕೂಡಲೇ ಶುರುವಾಗಬೇಕು. ಆ ಪರೀಕ್ಷೆ ಆಗುವುದು ಬೆಳಗಾವಿಯಲ್ಲಿ. ಆ ತುಣುಕು ಹುದುಗಿದ್ದ ಮೇಣದ ಬಿಲ್ಲೆಯನ್ನೂ ಪರೀಕ್ಷೆಯ ಚೀಟಿಯನ್ನೂ ರಾಜಶ್ರೀ ಶಿದ್ರಾಮಪ್ಪನ ಕೈಗಿಟ್ಟು ಕಳಿಸಿದ್ದಳು.

ಹದಿನೆಂಟು ದಿನದ ಮೇಲೆ ಬೆಳಗಾವಿಯಿಂದ ಫೋನು ಬಂತು. ಚೀಟಿ ತಲುಪಿದೆ, ಬಿಲ್ಲೆ ಎಲ್ಲಿ?

ಶಿದ್ರಾಮಪ್ಪ ಫೋನು ಎತ್ತಲಿಲ್ಲ. ಎಂಟು ಸಲ ಹಚ್ಚಿ ನೋಡಿದ ರಾಜಶ್ರೀ ಭಾನುವಾರ ಬನಹಟ್ಟಿಯ ಬಸ್ಸು ಹತ್ತಿದಳು. ಹದಿನೆಂಟು ದಿನ! ಜನರಿಗೆ ಜೀವದ ಖಬರಿಲ್ಲವೆಂದು ದಾರಿಯುದ್ದಕ್ಕೂ ಒಳಗೊಳಗೇ ಬೈದುಕೊಂಡಳು.

ಮನೆಯೊಳಗೆ ಎರಡು ಮಗ್ಗ ಓಡುತ್ತಿದ್ದವು. ಶಿದ್ರಾಮಪ್ಪ ಇವಳನ್ನು ಕಂಡವನೇ ತಲೆ ತಗ್ಗಿಸಿದ.

"ಚೀಟಿ ಬೆಳಗಾವಿಗೆ ಹೊಂಟಿದ್ದ ನಮ್ಮ ತಮ್ಮ ಕಲ್ಮೇಶನ ಕೈಯಾಗ ಕಳಿಸಿದ್ನಿರಿ. ಕಾಗದಾನs ಮುಖ್ಯ ಅನ್ಕೊಂಡೆ. ಮೇಣಾ ಇಲ್ಲೇ ಗೂಡಿನಾಗ ಇಟ್ಟಿದ್ದೆ," ಎಂದ.

"ಎಲ್ಲೈತಿ ಈಗ? ಕೊಡ್ರಿ!"

ಮಗ್ಗದ ಹಿಂದಿನಿಂದ ಶಿವಗಂಗವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. "ಆ ಮೇಣಾ ಏನ್ರಿ ಬಾಯಾರ? ಮಗ್ಗದಾಗ ಹಾಸಿನ ಉದ್ದನ್ನ ಎಳಿ ಒಂದಕ್ಕೊಂದು ಅಂಟಾಕತ್ತಿದ್ವು. ಅವಕ್ಕ ಅದನ್ನs ತಿಕ್ಕಿನಿ. ಛಲೋ ಇತ್ತು. ನಡುವ ಏನೋ ಕಸಾ ಇತ್ತು, ಉಗರಲೆ ತಗದು ಒಗದೆ."

ರಾಜಶ್ರೀಯ ಮೈ ಉರಿದುಹೋಯಿತು. "ಅದು ಏನಂತ ತಿಳಿದಿದ್ರಿ ನೀವು? ಹೆಂಡ್ತಿಗೆ ಹೇಳಾಕ ನಿಮಗ ಬಾಯಿಲ್ಲೇನು?" ಎಂದು ಶಿದ್ರಾಮಪ್ಪನ ಮೇಲೆ ಹರಿಹಾಯ್ದಳು.

ಅವನು ಮೆಲ್ಲಗೆ ಅಂದ: "ನೀವರ ಎಲ್ಲಿ ಹೇಳಿದ್ರಿ ಬಾಯಾರ? ಮೇಣದ ಬಿಲ್ಲಿ ಒಯ್ರಿ ಅಂದ್ರಿ. ಅಷ್ಟs."

ಅದು ಖರೆ. ಅವತ್ತು ಲ್ಯಾಬಿನಲ್ಲಿ ಜನ ನೆರೆದಿತ್ತು, ಗಂಡಸರೇ ಹೆಚ್ಚು. ಅವರೆದುರು ಹೆಣ್ಣಿನ ಆ ಜಾಗದ ಹೆಸರೆತ್ತಲು ನಾಚಿ, ರಾಜಶ್ರೀ ದನಿ ತಗ್ಗಿಸಿ ಅಷ್ಟೇ ಹೇಳಿದ್ದಳು. ಕಡ್ಡಿ ಮುರಿದಂತೆ ಮಾತಾಡುತ್ತೇನೆಂದು ಬೀಗುವವಳು! ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಅಕ್ಕಾರ, ಮಗ್ಗ ಬಂದ್ ಮಾಡ್ರಿ," ಎಂದಳು. ಸದ್ದು ನಿಂತಿತು. "ಅದು ಕಸಾ ಅಲ್ಲ. ನಿಮ್ಮ ಗರ್ಭಕೋಶದ ಬಾಯಾಗಿಂದ ತಗದ ತುಣುಕು. ನಿಮ್ಮ ಕ್ಯಾನ್ಸರ್ ಯಾವ ಜಾತೀದು ಅಂತ ಅದರಾಗs ನೋಡಬೇಕಿತ್ತು."

ಶಿವಗಂಗವ್ವ ಗಂಡನ ಕಡೆ ತಿರುಗಿದಳು. "ಹುಣ್ಣು ಅಂದಿದ್ರೆಲ್ಲ? ಗುಳಿಗಿ ತಗೊಂಡ್ರ ವಾಸಿ ಆಕ್ಕೇತಿ ಅಂದಿದ್ರಿ?"

ಶಿದ್ರಾಮಪ್ಪ ಅಳತೊಡಗಿದ. ರಾಜಶ್ರೀಗೆ ಈಗ ತಿಳಿಯಿತು: ಈ ಹೆಂಗಸಿಗೆ ತನ್ನ ರೋಗದ ಹೆಸರೇ ಗೊತ್ತಿರಲಿಲ್ಲ. ಗಂಡನಿಗೆ ಗೊತ್ತಿತ್ತು, ಡಾಕ್ಟರರಿಗೆ ಗೊತ್ತಿತ್ತು, ಚೀಟಿ ಒಯ್ದ ಕಲ್ಮೇಶನಿಗೂ ಗೊತ್ತಿತ್ತು.

ಶಿವಗಂಗವ್ವ ಮಗ್ಗದ ಮೇಲಿನ ಅರೆ ನೇಯ್ದ ಸೀರೆಗೆ ಬಟ್ಟೆ ಹೊದಿಸಿದಳು. ಆಮೇಲೆ ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದು ಚಪ್ಪಲಿ ಮೆಟ್ಟಿದಳು.

"ಮತ್ತೊಂದು ತುಣುಕು ತಗೀಬೇಕಲ್ಲರಿ ಬಾಯಾರ? ನಡೀರಿ."

"ಇವತ್ತ ಡಾಕ್ಟರ್ ಇರಾಂಗಿಲ್ಲ ಅಕ್ಕಾರ. ನಾಳೆ ಮುಂಜಾನಿ ಬರ್ರಿ."

"ನಾಳೆ ಅಂದ್ರ ನಾಳೆ ಬರ್ತೇನಿ," ಎಂದಳು ಶಿವಗಂಗವ್ವ. ಕಣ್ಣೊರೆಸಿಕೊಳ್ಳುತ್ತ ಎದ್ದ ಗಂಡನಿಗೆ ಕೂಡ್ರಲು ಕೈಮಾಡಿದಳು. "ನೀವು ಬರೂದು ಬ್ಯಾಡ. ಬೆಳಗಾವಿಗೂ ಆ ತುಣುಕು ನಾನs ಒಯ್ತೇನಿ. ನಂದದು."